ಕರಾಟೆಯವರಿಗೆ ಕುಸ್ತಿ: ಹನ್ನೆರಡು ವಾರಗಳ ಸಮಗ್ರ ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆ ಕರಾಟೆ ತರಗತಿ ಇಲ್ಲದ ಊರು ಸಿಗುವುದು ಕಷ್ಟ. ಶಾಲೆಯ ಸಭಾಂಗಣ, ಯುವಕ ಮಂಡಲದ ಕಟ್ಟಡ, ಫ್ಲ್ಯಾಟಿನ ಕೆಳಮಹಡಿ, ಎಲ್ಲೆಡೆ ಸಂಜೆಯಾದರೆ ಗಿ (ಕರಾಟೆಯ ಉಡುಪು) ತೊಟ್ಟ ಮಕ್ಕಳ ಸಾಲು ಕಾಣುತ್ತದೆ. ಕುಸ್ತಿಯ ಕತೆ ಬೇರೆ. ಮೈಸೂರು, ದಾವಣಗೆರೆ, ಧಾರವಾಡ ಕಡೆಯಷ್ಟು ಪೈಲ್ವಾನರ ಬಳಕೆ ಕರಾವಳಿಯಲ್ಲಿಲ್ಲ. ಆದರೂ ಹಳೆಯ ವ್ಯಾಯಾಮ ಶಾಲೆಗಳಲ್ಲಿ ದಂಡ, ಬಸ್ಕಿ, ತಾಲೀಮು ಉಳಿದಿವೆ. ಕರಾಟೆ ಕಲಿತವರು ಕುಸ್ತಿಯಿಂದ ಏನನ್ನು, ಯಾವ ಕ್ರಮದಲ್ಲಿ, ಎಷ್ಟು ತೆಗೆದುಕೊಳ್ಳಬೇಕು ಎಂಬುದನ್ನು ಈ ಮಾರ್ಗದರ್ಶಿ ಹಂತ ಹಂತವಾಗಿ ಹೇಳುತ್ತದೆ.

ಕೊರತೆ ಎಲ್ಲಿದೆ?

ಕುಮಿತೆಯಲ್ಲಿ, ಅಂದರೆ ಕರಾಟೆಯ ಎದುರುಬದುರು ಕಾದಾಟದಲ್ಲಿ, ಇಬ್ಬರು ಅಂಟಿಕೊಂಡು ಏನೂ ನಡೆಯದಿದ್ದರೆ ರೆಫರಿ ‘ಯಾಮೆ’ (ನಿಲ್ಲಿಸಿ) ಎಂದು ಬಿಡಿಸುತ್ತಾರೆ. ಹೀಗಾಗಿ ದೂರದಿಂದ ಗ್ಯಾಕು-ಜುಕಿ (ಹಿಂದಿರುವ ಕೈಯ ನೇರ ಗುದ್ದು) ಚೆನ್ನಾಗಿ ಹೊಡೆಯಬಲ್ಲ ಬ್ಲ್ಯಾಕ್ ಬೆಲ್ಟ್‌ಗೂ, ಒಬ್ಬ ಗಟ್ಟಿಗ ಸೊಂಟ ತಬ್ಬಿ ಇಪ್ಪತ್ತು ಸೆಕೆಂಡು ಬಿಡದಿದ್ದರೆ ಏನು ಮಾಡಬೇಕೆಂದು ಗೊತ್ತಿರುವುದಿಲ್ಲ. ತಂತ್ರ ಗೊತ್ತಿಲ್ಲ ಎಂದಲ್ಲ, ಪೂರ್ತಿ ಬಲ ಹಾಕಿ ವಿರೋಧಿಸುವ ದೇಹವನ್ನು ಅವರ ಕೈ ಎಂದೂ ಮುಟ್ಟಿರುವುದಿಲ್ಲ. ಪೆಟ್ಟನ್ನು ಪೂರ್ತಿ ಬಲದಿಂದ ದಿನವೂ ಅಭ್ಯಾಸ ಮಾಡಿದರೆ ಜತೆಗಾರ ಉಳಿಯುವುದಿಲ್ಲ. ಹಿಡಿತವನ್ನು ಪೂರ್ತಿ ಬಲದಿಂದ ವಾರಕ್ಕೆರಡು ಸಲ ಅಭ್ಯಾಸ ಮಾಡಬಹುದು. ಕುಸ್ತಿಯಿಂದ ಕರಾಟೆಗೆ ಸಿಗುವ ದೊಡ್ಡ ಲಾಭ ಇದು.

ಎಸೆತ ಕರಾಟೆಗೆ ಹೊರಗಿನದಲ್ಲ. ಶೋಟೊಕಾನ್ ಕರಾಟೆ ಶೈಲಿಯ ಮೂಲಗುರು ಗಿಚಿನ್ ಫುನಾಕೋಶಿ ಎಸೆತಗಳನ್ನು ಕಲಿಸುತ್ತಿದ್ದರು. ವಾಡೊ-ರ್ಯು ಎಂಬ ಕರಾಟೆ ಶೈಲಿ ಕಟ್ಟಿದ ಹಿರೊನೊರಿ ಒತ್ಸುಕ ಕರಾಟೆಗೆ ಬರುವ ಮೊದಲೇ ಹಿಡಿತ, ಎಸೆತಗಳ ಜಪಾನಿ ಕಲೆಯಾದ ಜುಜುತ್ಸು ಕಲಿತವರು. ಕರಾಟೆಯ ತವರಾದ ಓಕಿನಾವದಲ್ಲಿ ‘ತೆಗುಮಿ’ ಎಂಬ ಹಳ್ಳಿ ಕುಸ್ತಿ ಇತ್ತು. ಈಚಿನ ಉದಾಹರಣೆ ಬೇಕಾದರೆ 2009ರಲ್ಲಿ ಯುಎಫ್‌ಸಿ (ಎಲ್ಲ ಕಲೆಗಳನ್ನೂ ಬೆರೆಸಿ ಕಾದಾಡುವ ಸ್ಪರ್ಧೆ) ಲೈಟ್ ಹೆವಿವೇಟ್ ಚಾಂಪಿಯನ್ ಆದ ಲಿಯೊಟೊ ಮಚಿಡ ಇದ್ದಾರೆ. ಅವರು ಶೋಟೊಕಾನ್ ಮನೆಯಲ್ಲಿ ಬೆಳೆದು, ಸುಮೊ ಮತ್ತು ಜುಜುತ್ಸುವನ್ನೂ ಕಲಿತವರು. ಎದುರಾಳಿಗಳಿಗೆ ಅವರನ್ನು ಕೆಡವುವುದು ಕಷ್ಟವಾಗಿತ್ತು, ಆದ್ದರಿಂದಲೇ ಅವರ ಪೆಟ್ಟಿಗೆ ಸಮಯ ಸಿಗುತ್ತಿತ್ತು. ಕ್ಯೊಕುಶಿನ್ ಕರಾಟೆಯಿಂದ ಶುರು ಮಾಡಿದ ಇನ್ನೊಬ್ಬ ಯುಎಫ್‌ಸಿ ಪಟು ಜಾರ್ಜ್ ಸೇಂಟ್-ಪಿಯರ್ ಶಾಲಾ ದಿನಗಳಲ್ಲಿ ಕುಸ್ತಿ ಆಡದಿದ್ದರೂ ಮುಂದೆ ಕೆಡವುವುದರಲ್ಲೇ ಹೆಸರು ಮಾಡಿದರು.

ಶುರು ಮಾಡುವ ಮೊದಲು: ನೆಲ, ಜತೆಗಾರ, ಸಾಮಾನು

ನೆಲದ ವಿಷಯದಲ್ಲಿ ರಾಜಿ ಬೇಡ. ಕರಾಟೆ ತರಗತಿಗಳಲ್ಲಿ ಹಾಸುವ ಜೋಡಣೆ ಮ್ಯಾಟ್ ಸಾಮಾನ್ಯವಾಗಿ 20ರಿಂದ 25 ಮಿ.ಮೀ. ದಪ್ಪ. ಅದು ನಿಂತು ಒದೆಯಲು ಸಾಕು, ಬೀಳಲು ಸಾಲದು. ಜುಡೊಗೆ 40 ಮಿ.ಮೀ., ಸ್ಪರ್ಧಾ ಕುಸ್ತಿಗೆ 60 ಮಿ.ಮೀ. ಮ್ಯಾಟ್ ಬಳಸುತ್ತಾರೆ. ಹೊಸದು ಕೊಳ್ಳಲು ಹಣವಿಲ್ಲದಿದ್ದರೆ 20 ಮಿ.ಮೀ. ಮ್ಯಾಟನ್ನೇ ಎರಡು ಪದರ ಹಾಸಿ, ಮೇಲಿನ ಪದರದ ಸಂದು ಕೆಳಗಿನ ಸಂದಿನ ಮೇಲೆ ಬಾರದಂತೆ ಜೋಡಿಸಿ, ಮೇಲೊಂದು ದಪ್ಪ ಕ್ಯಾನ್ವಾಸ್ ಬಿಗಿಯಾಗಿ ಎಳೆದು ಕಟ್ಟಿ. ಸಂದಿನಲ್ಲಿ ಕಾಲ್ಬೆರಳು ಸಿಕ್ಕಿ ಮೊಣಕಾಲು ತಿರುಚುವುದು ಇಲ್ಲಿ ಆಗುವ ಮಾಮೂಲಿ ಗಾಯ. ಒಂದು ಜೋಡಿಗೆ ಕನಿಷ್ಠ 3 ಮೀಟರ್ ಉದ್ದ, 3 ಮೀಟರ್ ಅಗಲ ಬೇಕು. ಗೋಡೆ, ಕಂಬ ಒಂದೂವರೆ ಮೀಟರ್ ದೂರ ಇರಲಿ. ಗ್ರಾನೈಟ್ ಅಥವಾ ಕಾವಿ ನೆಲದ ಮೇಲೆ ನೇರವಾಗಿ ಯಾರನ್ನೂ ಕೆಡವಬೇಡಿ.

ಸಮುದ್ರದ ಬದಿ ಇರುವವರಿಗೆ ಇನ್ನೊಂದು ದಾರಿ ಇದೆ. ಪಣಂಬೂರು, ತಣ್ಣೀರುಬಾವಿ, ಮಲ್ಪೆಯಲ್ಲಿ ಮುಂಜಾನೆ, ಅಲೆ ತಲುಪದ ಕಡೆ ಒಣ ಸಡಿಲ ಮರಳಿರುತ್ತದೆ. ಒದ್ದೆಯಾಗಿ ಗಟ್ಟಿಯಾದ ಮರಳು ಸಿಮೆಂಟಿನಷ್ಟೇ ಪೆಟ್ಟು ಕೊಡುತ್ತದೆ, ಅಲ್ಲಿ ಬೀಳುವ ಅಭ್ಯಾಸ ಬೇಡ. ಸಡಿಲ ಮರಳಲ್ಲೂ ಮೊದಲು ಕೈಯಾಡಿಸಿ ಚಿಪ್ಪು, ಗಾಜು ಹೆಕ್ಕಿ ತೆಗೆಯಿರಿ. ಮರಳಲ್ಲಿ ಕಾಲು ಹೂಳುವುದರಿಂದ ತಿರುಗಿಸಿ ಎಸೆಯುವ ಪಟ್ಟುಗಳು ಮೊಣಕಾಲಿಗೆ ಅಪಾಯ. ಅಲ್ಲಿ ತಳ್ಳಾಟ, ಸೊಂಟ ಹಿಡಿದು ಎತ್ತುವುದು, ಜತೆಗಾರನನ್ನು ಹೊತ್ತು ನಡೆಯುವುದು, ಇಷ್ಟೇ ಸಾಕು.

ಜತೆಗಾರರ ತೂಕದ ವ್ಯತ್ಯಾಸ ಮೊದಲ ಎರಡು ತಿಂಗಳು ನೂರಕ್ಕೆ ಹತ್ತಕ್ಕಿಂತ ಹೆಚ್ಚಿರಬಾರದು. 60 ಕಿಲೋದವರಿಗೆ 66 ಕಿಲೋ ಮಿತಿ. ಮೌತ್ ಗಾರ್ಡ್ ಬೇಕೇ ಬೇಕು. ಕಿವಿ ರಕ್ಷಕ ಇದ್ದರೆ ಒಳ್ಳೆಯದು. ಬಟನ್, ಜಿಪ್, ಜೇಬು ಇಲ್ಲದ ಬಿಗಿ ಟಿ-ಶರ್ಟ್ ಮತ್ತು ಚಡ್ಡಿ ಹಾಕಿ. ಗಿ ತೊಟ್ಟು ಕುಸ್ತಿ ಕಲಿತರೆ ಕೈ ಬಟ್ಟೆಯನ್ನೇ ಹುಡುಕುತ್ತದೆ. ಉಂಗುರ, ಸರ, ಕಿವಿಯೋಲೆ, ಕೈಗೆ ಕಟ್ಟಿದ ದಾರ ಎಲ್ಲ ತೆಗೆದಿಡಿ. ದಾರದಲ್ಲಿ ಬೆರಳು ಸಿಕ್ಕಿದರೆ ಬೆರಳೇ ತಿರುಚುತ್ತದೆ.

1-2ನೇ ವಾರ: ಬೀಳುವುದು, ನಿಲ್ಲುವುದು

ಈ ಹದಿನೈದು ದಿನ ಯಾರೂ ಯಾರನ್ನೂ ಕೆಡವಬಾರದು. ಇದು ಬೇಸರ ತರುತ್ತದೆ ನಿಜ. ಆದರೆ ಈ ಹಂತ ಹಾರಿಸಿದವರ ಮಣಿಕಟ್ಟು, ಮೊಣಕೈ, ಕೊರಳೆಲುಬು ಮುರಿಯುತ್ತವೆ.

ಹಿಂದಕ್ಕೆ ಬೀಳಲು ಕುಕ್ಕರುಗಾಲಿನಿಂದ ಶುರು ಮಾಡಿ. ಗದ್ದ ಎದೆಗೆ ಅಂಟಲಿ, ಕಣ್ಣು ನಿಮ್ಮದೇ ಹೊಕ್ಕುಳು ನೋಡಲಿ. ಬೆನ್ನು ದುಂಡಗೆ ಮಾಡಿ ಉರುಳಿ. ಬೆನ್ನು ತಾಗುವ ಹೊತ್ತಿಗೆ ಎರಡೂ ಅಂಗೈ, ಮುಂಗೈಯಿಂದ ನೆಲಕ್ಕೆ ಹೊಡೆಯಿರಿ. ತೋಳು ಮೈಯಿಂದ 30ರಿಂದ 45 ಡಿಗ್ರಿ ಆಚೆ ಇರಲಿ, ಭುಜದ ನೇರಕ್ಕೆ ಚಾಚಿದರೆ ಭುಜ ಜಾರುತ್ತದೆ. ತಾಗುವಾಗ ಉಸಿರು ಹೊರಬಿಡಿ, ಕರಾಟೆಯ ಕಿಯಾಯಿ ಕೂಗು ಇಲ್ಲಿ ಕೆಲಸಕ್ಕೆ ಬರುತ್ತದೆ. ಕುಕ್ಕರುಗಾಲಿನಿಂದ ಇಪ್ಪತ್ತು ಸಲ ಸಲೀಸಾದ ಮೇಲೆ ನಿಂತು ಮಾಡಿ. ಪಕ್ಕಕ್ಕೆ ಬೀಳುವುದನ್ನೂ ಎಡ, ಬಲ ಹೀಗೇ ಕಲಿಯಿರಿ. ಪ್ರತಿ ತರಗತಿಯಲ್ಲಿ ಮೂರು ದಿಕ್ಕಿಗೂ ಹತ್ತು ಹತ್ತು ಸಲ, ಹನ್ನೆರಡು ವಾರವೂ ನಿಲ್ಲಿಸದೆ. ಕೈಯೂರಿ ತಡೆಯುವ ಹುಟ್ಟುಗುಣ ಹೋಗಿದೆಯೇ ಎಂದು ತಿಳಿಯಲು ಜತೆಗಾರ ಹೇಳದೆ ಮೆಲ್ಲಗೆ ಭುಜ ತಳ್ಳಲಿ. ಕೈ ಹಿಂದಕ್ಕೆ ಹೋದರೆ ಇನ್ನೊಂದು ವಾರ ಇದನ್ನೇ ಮಾಡಿ.

ನಿಲುವಿನಲ್ಲಿ ಕರಾಟೆಯವರಿಗೆ ಎರಡು ತೊಂದರೆ. ಝೆನ್ಕುತ್ಸು-ದಾಚಿ ಎಂಬ ಉದ್ದ ನಿಲುವಿನಲ್ಲಿ ಹೆಚ್ಚು ಭಾರ ಮುಂಗಾಲ ಮೇಲಿರುತ್ತದೆ, ಆ ಕಾಲನ್ನು ಥಟ್ಟನೆ ಹಿಂದೆಳೆಯಲು ಆಗುವುದಿಲ್ಲ. ಕುಮಿತೆಯ ಅಡ್ಡ ನಿಲುವಿನಲ್ಲಿ ಮುಂಗಾಲು ಒಂಟಿಯಾಗಿ ಮುಂದೆ ಚಾಚಿರುತ್ತದೆ, ಹಿಡಿಯಲು ಇದಕ್ಕಿಂತ ಸುಲಭದ ಕಾಲಿಲ್ಲ. ಕುಸ್ತಿಗೆ ಪಾದಗಳನ್ನು ಭುಜದಗಲಕ್ಕಿಂತ ಒಂದು ಗೇಣು ಹೆಚ್ಚು ಅಗಲ ಇಡಿ. ಒಂದು ಪಾದ ಅರ್ಧ ಹೆಜ್ಜೆ ಮುಂದಿರಲಿ, ಭಾರ ಎರಡೂ ಕಾಲಿಗೆ ಸಮನಾಗಿ ಪಾದದ ಮುಂಭಾಗದಲ್ಲಿ ನಿಲ್ಲಲಿ. ಮೊಣಕಾಲು ಬಾಗಿಸಿ, ಬೆನ್ನು ಬಾಗಿಸಬೇಡಿ. ಮೊಣಕೈ ಪಕ್ಕೆಗೆ ಅಂಟಿರಲಿ, ಅಂಗೈ ತೆರೆದು ಮುಂದಿರಲಿ. ಈ ನಿಲುವಿನಲ್ಲೇ ಮುಂದೆ, ಹಿಂದೆ, ಪಕ್ಕಕ್ಕೆ ಜಾರುವ ಹೆಜ್ಜೆ ಹಾಕಿ, ಕಾಲು ಕಾಲಿಗೆ ಅಡ್ಡ ಬರಬಾರದು. ಎರಡು ನಿಮಿಷದ ಮೂರು ಸುತ್ತು ಸಾಕು, ತೊಡೆ ಉರಿಯತೊಡಗುತ್ತದೆ.

3-4ನೇ ವಾರ: ಕೈಗಳ ಕೆಲಸ

ಕರಾಟೆಗೆ ಎಲ್ಲಕ್ಕಿಂತ ಹತ್ತಿರದ ಭಾಗ ಇದೇ. ಹೆಚ್ಚಿನವರು ಕಾಲು ಹಿಡಿಯುವ ಪಟ್ಟಿಗೆ ಆತುರಪಡುತ್ತಾರೆ, ಆದರೆ ಬೀದಿಯಲ್ಲಾಗಲಿ ಕುಮಿತೆಯಲ್ಲಾಗಲಿ ಮೊದಲು ನಡೆಯುವುದು ಕೈಗಳ ಜಗ್ಗಾಟ.

ಕಂಕುಳ ಒಳಹಿಡಿತದಿಂದ ಶುರು ಮಾಡಿ. ಎದೆಗೆ ಎದೆ ತಾಗಿಸಿ ನಿಲ್ಲಿ. ಇಬ್ಬರದೂ ಒಂದು ತೋಳು ಇನ್ನೊಬ್ಬರ ಕಂಕುಳಡಿ, ಒಂದು ತೋಳು ಮೇಲೆ. ಮೇಲಿರುವ ಕೈಯ ಬೆರಳನ್ನು ಈಟಿಯಂತೆ ಕೆಳಮುಖ ಮಾಡಿ ಎದುರಾಳಿಯ ಎದೆ ಮತ್ತು ತೋಳಿನ ನಡುವೆ ತೂರಿಸಿ ಕಂಕುಳಡಿ ತನ್ನಿ. ಅವರೂ ಇನ್ನೊಂದು ಬದಿಯಲ್ಲಿ ಹೀಗೇ ಮಾಡುತ್ತಾರೆ. ಒಂದು ನಿಮಿಷದ ಐದು ಸುತ್ತು: ಮೊದಲೆರಡು ಹಗುರ, ಮೂರನೆಯದು ಅರ್ಧ ಬಲ, ಕೊನೆಯ ಎರಡರಲ್ಲಿ ಎರಡೂ ತೋಳು ಒಳಗೆ ತಂದವರಿಗೆ ಅಂಕ. ಮೊಣಕೈ ಪಕ್ಕೆಯಿಂದ ದೂರ ಹಾರಿದಾಗಲೆಲ್ಲ ಕಂಕುಳು ತೆರೆದುಕೊಳ್ಳುತ್ತದೆ. ಹಿಕಿತೆಯನ್ನು (ಗುದ್ದುವಾಗ ಹಿಂದಕ್ಕೆಳೆಯುವ ಇನ್ನೊಂದು ಕೈ) ಸೊಂಟಕ್ಕೆ ಎಳೆದು ಮೊಣಕೈ ಹಿಂದೆ ಚಾಚಿ ರೂಢಿಯಾದವರು ಇದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಾರೆ.

ಅದೇ ಹಿಕಿತೆಗೆ ಇಲ್ಲಿ ನಿಜವಾದ ಕೆಲಸವೂ ಇದೆ. ಎದುರಾಳಿಯ ಒಂದು ತೋಳನ್ನು ನಿಮ್ಮ ಎರಡೂ ಕೈಯಿಂದ ಹಿಡಿಯಿರಿ, ಒಂದು ಕೈ ಮಣಿಕಟ್ಟಿಗೆ, ಇನ್ನೊಂದು ಒಳತೋಳಿನ ಮೇಲ್ಭಾಗಕ್ಕೆ. ಅವರ ಭುಜವನ್ನು ನಿಮ್ಮ ಎದೆಗೆ ಅಂಟಿಸಿಕೊಂಡು ಮಣಿಕಟ್ಟನ್ನು ನಿಮ್ಮ ಸೊಂಟದತ್ತ ಎಳೆಯಿರಿ. ಅವರ ಇನ್ನೊಂದು ಕೈ ನಿಮ್ಮನ್ನು ತಲುಪುವುದಿಲ್ಲ. ಈ ಸ್ಥಿತಿಯಿಂದ ತೋಳನ್ನು ಜಗ್ಗಿ ಬೆನ್ನ ಹಿಂದೆ ಸರಿಯುವುದನ್ನು ಪೈಲ್ವಾನರು ದಸ್ತಿ ಎನ್ನುತ್ತಾರೆ. ಜಗ್ಗುವುದು ಕೈಯಿಂದಲ್ಲ. ಅವರ ಹೊರಬದಿಗೆ ಒಂದು ಹೆಜ್ಜೆ ಇಟ್ಟು ನಿಮ್ಮ ಮೈಭಾರದಿಂದ ಜಗ್ಗಬೇಕು. ಹೆಜ್ಜೆ ಇಡದೆ ಬರೀ ತೋಳೆಳೆದರೆ ಅವರು ಎದುರಿಗೇ ನಿಂತಿರುತ್ತಾರೆ.

ಕುತ್ತಿಗೆ ಹಿಡಿತದಲ್ಲಿ ಅಂಗೈ ಕುತ್ತಿಗೆಯ ಮೇಲಲ್ಲ, ತಲೆಬುರುಡೆಯ ಹಿಂಬುಡಕ್ಕೆ ಕೊಕ್ಕೆಯಂತೆ ಕೂರಬೇಕು, ಮೊಣಕೈ ಅವರ ಎದೆಗೆ ಒತ್ತಿರಬೇಕು. ಮೊಣಕೈ ಮೇಲೆದ್ದರೆ ಅದರಡಿ ತಲೆ ತೂರಿಸಿ ಅವರು ತಪ್ಪಿಸಿಕೊಳ್ಳುತ್ತಾರೆ.

5-6ನೇ ವಾರ: ಕಾಲಿಗೆ ಬಂದವರನ್ನು ತಡೆಯುವುದು

ಈ ಒಂದು ಅಂಶ ಬಂದರೆ ಕರಾಟೆಯವರಿಗೆ ಕುಸ್ತಿಯ ಅರ್ಧ ಲಾಭ ಕೈಗೆ ಬಂದಂತೆ.

ಎದುರಾಳಿ ಕಾಲಿಗೆ ನುಗ್ಗಿದಾಗ ಕರಾಟೆಯವರು ಗೆದಾನ್-ಬರಾಯಿ (ಕೆಳಗೆ ಬರುವ ಪೆಟ್ಟನ್ನು ತಡೆಯುವ ಕೈ) ಬೀಸುತ್ತಾರೆ, ಇಲ್ಲವೇ ಮೊಣಕಾಲೆತ್ತಿ ಹೊಡೆಯಲು ನೋಡುತ್ತಾರೆ. ಮೊದಲನೆಯದಕ್ಕೆ ನುಗ್ಗುವ ಮೈಯನ್ನು ತಡೆಯುವ ಶಕ್ತಿಯಿಲ್ಲ, ಎರಡನೆಯದರಲ್ಲಿ ನೀವು ಒಂಟಿಕಾಲಲ್ಲಿ ನಿಂತು ಬೀಳಿಸುವ ಕೆಲಸವನ್ನು ಅವರಿಗೆ ಸುಲಭ ಮಾಡುತ್ತೀರಿ. ಸರಿಯಾದ ಉತ್ತರ ಸ್ಪ್ರಾಲ್.

ಮೊದಲು ಎರಡೂ ಅಂಗೈಯಿಂದ ಅವರ ತಲೆ, ಭುಜ ತಡೆಯಿರಿ. ಅದೇ ಕ್ಷಣ ಎರಡೂ ಕಾಲನ್ನು ಹಿಂದಕ್ಕೆ ಎಸೆದು, ಸೊಂಟವನ್ನು ಅಕ್ಕಿಮುಡಿ ಇಳಿಸಿದ ಹಾಗೆ ಅವರ ಭುಜದ ಹಿಂಬದಿಗೆ ಇಳಿಸಿ. ಪಾದಗಳು ಅಗಲವಾಗಿ ಹರಡಿರಲಿ, ಕಾಲ್ಬೆರಳು ನೆಲಕ್ಕೂರಲಿ, ಬೆನ್ನು ಸ್ವಲ್ಪ ಹಿಂಬಾಗಲಿ. ಮೊಣಕಾಲು ನೆಲ ಮುಟ್ಟಿದರೆ ಭಾರವೆಲ್ಲ ನೆಲಕ್ಕೆ ಹೋಗುತ್ತದೆ, ಅವರು ಕಾಲನ್ನು ಮತ್ತೆ ಬಾಚಿಕೊಳ್ಳುತ್ತಾರೆ. ಬಹುಪಾಲು ಸ್ಪ್ರಾಲ್ ಕೆಡುವುದು ಇಲ್ಲೇ. ಇನ್ನೊಂದು ತಪ್ಪು, ಸೊಂಟ ಮೇಲೆ ಉಳಿಸಿ ಎದೆಯನ್ನು ಮಾತ್ರ ಹಾಕುವುದು. ಆಗ ಅವರು ಅಡಿಯಿಂದ ನುಸುಳುತ್ತಾರೆ.

ಭಾರ ಕೂತ ಮೇಲೆ ಮುಂಗೈಯ ಎಲುಬನ್ನು ಅವರ ಕೆನ್ನೆಗಡ್ಡ ಇಟ್ಟು ಮುಖವನ್ನು ಆಚೆ ತಿರುಗಿಸಿ, ತಲೆ ತಿರುಗಿದ ದಿಕ್ಕಿಗೆ ವಿರುದ್ಧವಾಗಿ ನೀವು ಸುತ್ತಿ ಬೆನ್ನ ಹಿಂದೆ ಬನ್ನಿ. ಮೂಗಿಗೆ ಒತ್ತಬೇಡಿ. ಅಭ್ಯಾಸಕ್ಕೆ ಮೊದಲು ಜತೆಗಾರನಿಲ್ಲದೆ ಚಪ್ಪಾಳೆಗೊಂದು ಸ್ಪ್ರಾಲ್, ಹತ್ತರ ಮೂರು ಸರದಿ. ಆಮೇಲೆ ಜತೆಗಾರ ನಡೆಯುವ ವೇಗದಲ್ಲಿ ನುಗ್ಗಲಿ. ಆರನೇ ವಾರದಲ್ಲಿ ಪೂರ್ತಿ ವೇಗ. ಆಗ ಕರಾಟೆಯ ಒಂದು ಭಾಗ ಸೇರಿಸಿ: ಕಿಜಾಮಿ-ಜುಕಿ (ಮುಂದಿರುವ ಕೈಯ ನೇರ ಗುದ್ದು) ಹೊಡೆದು ಕೈ ಹಿಂದೆ ಬರುವಷ್ಟರಲ್ಲಿ ಜತೆಗಾರ ಕಾಲಿಗೆ ಬರಬೇಕು, ನೀವು ಸ್ಪ್ರಾಲ್ ಮಾಡಿ, ಎದ್ದು, ದೂರ ಸರಿದು ಮತ್ತೆ ನಿಲುವಿಗೆ ಬರಬೇಕು. ಏಳುವಾಗ ಕಣ್ಣು ಅವರ ಮೇಲೇ ಇರಲಿ.

7-9ನೇ ವಾರ: ಕೆಡವುವ ಎರಡು ಪಟ್ಟು

ಎರಡೇ ಸಾಕು. ಧೋಬಿ ಪಛಾಡ್‌ನಂಥ ಭುಜದ ಮೇಲಿನ ಎಸೆತ, ಹಿಂದಕ್ಕೆ ಬಾಗಿ ಎಸೆಯುವ ಸುಪ್ಲೆ ನೋಡಲು ಚೆಂದ, ಕಲಿಯಲು ವರ್ಷಗಳು ಬೇಕು. ಕತ್ತರಿಗಾಲು ಹಾಕಿ ಕೆಡವುವ ಕಾನಿ-ಬಸಾಮಿಯನ್ನು ಜುಡೊ ಸ್ಪರ್ಧೆಯಲ್ಲಿ ನಿಷೇಧಿಸಿದ್ದಾರೆ, ಎದುರಾಳಿಯ ಮೊಣಕಾಲೆಲುಬೇ ಮುರಿಯಬಹುದು. ಅದನ್ನು ತರಗತಿಗೆ ತರಲೇಬೇಡಿ.

ಮೊದಲನೆಯದು ಸೊಂಟದ ಬಿಗಿಹಿಡಿತ. ಇದರಲ್ಲಿ ಮೊಣಕಾಲು ನೆಲಕ್ಕೂರಬೇಕಿಲ್ಲ, ಕರಾಟೆಯವರ ನೇರ ನಿಲುವಿಗೆ ಹೊಂದುತ್ತದೆ. ಒಂದು ತೋಳನ್ನಾದರೂ ಕಂಕುಳಡಿ ಗೆದ್ದ ಮೇಲೆ ಎರಡೂ ಕೈಯನ್ನು ಅವರ ಬೆನ್ನ ಹಿಂದೆ, ಸೊಂಟದ ಮಟ್ಟದಲ್ಲಿ ಅಂಗೈಗೆ ಅಂಗೈ ಕೂಡಿಸಿ, ಬೆರಳುಗಳನ್ನು ಹೆಣೆಯಬೇಡಿ. ಹೆಣೆದ ಬೆರಳ ಮೇಲೆ ಇಬ್ಬರ ಭಾರ ಬಿದ್ದರೆ ಮುರಿಯುತ್ತವೆ. ಕಿವಿ ಅವರ ಎದೆಗೆ, ನಿಮ್ಮ ಸೊಂಟ ಅವರ ಸೊಂಟಕ್ಕೆ ಅಂಟಲಿ. ಈಗ ಒಂದು ಕಾಲನ್ನು ಹೊರಗಿನಿಂದ ಅವರ ಹಿಮ್ಮಡಿಯ ಹಿಂದಿಟ್ಟು, ಬೆನ್ನಿನ ಕೆಳಭಾಗವನ್ನು ನಿಮ್ಮತ್ತ ಎಳೆಯುತ್ತಾ ಎದೆಯಿಂದ ಆ ಕಾಲಿನ ದಿಕ್ಕಿಗೆ ಓರೆಯಾಗಿ ಒತ್ತಿ. ಸೊಂಟಗಳ ನಡುವೆ ಒಂದು ಗೇಣು ಜಾಗ ಉಳಿದರೂ ಪಟ್ಟು ಕೂರದು. ಕೆಡವಿದ ಮೇಲೆ ನಿಮ್ಮ ಭುಜ ಅವರ ಪಕ್ಕೆಲುಬಿನ ಮೇಲೆ ಅಪ್ಪಳಿಸದಂತೆ ಹಿಡಿತ ಸಡಿಲಿಸಿ ಮೊಣಕೈಯೂರಿ ಇಳಿಯಿರಿ.

ಎರಡನೆಯದು ಒಂಟಿಕಾಲು ಹಿಡಿತ, ಮ್ಯಾಟಿನ ಮಾತಲ್ಲಿ ಸಿಂಗಲ್ ಲೆಗ್.

1. ಕೈ ಚಾಚಿದರೆ ಭುಜ ಮುಟ್ಟುವಷ್ಟು ಹತ್ತಿರ ಬನ್ನಿ. ಇದಕ್ಕಿಂತ ದೂರದಿಂದ ನುಗ್ಗಿದರೆ ಮೈ ಉದ್ದಕ್ಕೆ ಚಾಚಿಕೊಂಡು ಸ್ಪ್ರಾಲ್‌ಗೆ ಸಿಗುತ್ತೀರಿ.
2. ಮುಖಕ್ಕೆ ಕಿಜಾಮಿ-ಜುಕಿ ತೋರಿಸಿ. ಅವರ ಕೈ ಮೇಲೆದ್ದ ಕ್ಷಣ ಮೊಣಕಾಲು ಬಾಗಿಸಿ ನಿಮ್ಮ ಭುಜವನ್ನು ಅವರ ಸೊಂಟದ ಮಟ್ಟಕ್ಕೆ ಇಳಿಸಿ. ಬೆನ್ನು ನೆಟ್ಟಗೆ, ಕಣ್ಣು ಮುಂದೆ.
3. ಅವರ ಮುಂಗಾಲಿನ ಹೊರಬದಿಗೆ ಪಾದ ಇಟ್ಟು, ಎದೆ ತೊಡೆಗೆ ಅಂಟಿಸಿ, ಎರಡೂ ಕೈಯನ್ನು ಮೊಣಕಾಲಿನ ಹಿಂದೆ ಕೂಡಿಸಿ. ತಲೆ ಒಳಬದಿಯಲ್ಲಿ, ಕಿವಿ ಪಕ್ಕೆಲುಬಿಗೆ.
4. ನೆಟ್ಟಗೆ ಎದ್ದು ಅವರ ಮೊಣಕಾಲನ್ನು ನಿಮ್ಮ ತೊಡೆಗಳ ನಡುವೆ ಇರುಕಿ.
5. ಹಿಂದಕ್ಕೆ ಬಾಗಿದ ವೃತ್ತದಲ್ಲಿ ಹೆಜ್ಜೆ ಹಾಕುತ್ತಾ ಭುಜದಿಂದ ತೊಡೆಯನ್ನು ಕೆಳಕ್ಕೆ ಒತ್ತಿ. ಅವರು ಕೂತಂತೆ ಬೀಳುತ್ತಾರೆ.

ಮೂರನೇ ಹಂತದಲ್ಲಿ ತಲೆ ತಗ್ಗಿದರೆ ಕುತ್ತಿಗೆ ಅವರ ಕಂಕುಳಿಗೆ ಸಿಗುತ್ತದೆ. ನಾಲ್ಕನೆಯದನ್ನು ಬಿಟ್ಟು ಬಗ್ಗಿಯೇ ಎಳೆದಾಡಿದರೆ ಸೊಂಟನೋವು ಖಚಿತ. ಮೊಣಕಾಲೂರಿ ಎರಡೂ ಕಾಲು ಹಿಡಿಯುವ ಡಬಲ್ ಲೆಗ್‌ಗಿಂತ ಈ ಪಟ್ಟು ಮೇಲು, ಮೊಣಚಿಪ್ಪು ಉಳಿಯುತ್ತದೆ.

10-12ನೇ ವಾರ: ಎರಡನ್ನೂ ಬೆರೆಸುವುದು

ಕರಾಟೆಯ ಅಶಿ-ಬರಾಯಿ (ಎದುರಾಳಿಯ ಪಾದ ಬಾಚುವುದು) ಇಲ್ಲಿ ಹೊಸ ಜೀವ ಪಡೆಯುತ್ತದೆ. ದೂರದಿಂದ ಕಾಲು ಬೀಸಿದರೆ ಎದುರಾಳಿ ಪಾದ ಎತ್ತಿಬಿಡುತ್ತಾರೆ. ಕುತ್ತಿಗೆ ಮತ್ತು ಮೊಣಕೈ ಹಿಡಿದು ಅವರನ್ನು ಅರ್ಧವೃತ್ತ ನಡೆಸಿದರೆ ಮುಂದಿನ ಹೆಜ್ಜೆ ಎಲ್ಲಿ ಬೀಳುತ್ತದೆಂದು ನಿಮಗೆ ಮೊದಲೇ ಗೊತ್ತಿರುತ್ತದೆ. ಪಾದ ನೆಲ ಮುಟ್ಟಿ ಭಾರ ಇನ್ನೂ ಪೂರ್ತಿ ಇಳಿಯದ ಕ್ಷಣದಲ್ಲಿ ಅಂಗಾಲಿನಿಂದ ಅವರ ಕಾಲಿನ ಹರಡಿನ ಕೆಳಗೆ ಬಾಚಿ, ಕೈಗಳನ್ನು ಎದುರು ದಿಕ್ಕಿಗೆ ತಿರುಗಿಸಿ. ಭಾರ ಇಳಿದ ಮೇಲೆ ಬಾಚಿದರೆ ಅದು ಬರೀ ಒದೆತ, ಹರಡು ಊದುತ್ತದೆ. ಬರಿಗಾಲಲ್ಲಿ ದಿನಕ್ಕೆ ಮೂವತ್ತು ಸಲ, ಕೆಡವದೆ, ಸಮಯ ಹಿಡಿಯುವುದನ್ನೇ ಅಭ್ಯಾಸ ಮಾಡಿ.

ಬೆರೆತ ಸುತ್ತುಗಳು ಒಂದೊಂದು ನಿಮಿಷದ್ದಾಗಿರಲಿ. ಒಬ್ಬರು ಗ್ಲೌಸ್ ಹಾಕಿ ಹಗುರವಾಗಿ ಹೊಡೆಯಲಿ, ಇನ್ನೊಬ್ಬರು ಕೆಡವಲು ಮಾತ್ರ ನೋಡಲಿ. ಬಿದ್ದ ಕೂಡಲೇ ನಿಲ್ಲಿಸಿ ಮತ್ತೆ ಶುರು. ನಾಲ್ಕು ಸುತ್ತಿನ ಮೇಲೆ ಪಾತ್ರ ಬದಲು. ಪೆಟ್ಟಿನ ಬಲ ಮೂರರಲ್ಲೊಂದು ಪಾಲು ಮೀರಬಾರದು. ತಲೆ ತಗ್ಗಿಸಿ ಬರುವವರಿಗೆ ಪೂರ್ತಿ ಬಲದ ಮೊಣಕಾಲು ಬಿದ್ದರೆ ಮಿದುಳಿಗೆ ಪೆಟ್ಟು.

ಸ್ಪರ್ಧೆಗೆ ಹೋಗುವವರು ಒಂದು ಮಾತು ನೆನಪಿಡಬೇಕು. ವಿಶ್ವ ಕರಾಟೆ ಫೆಡರೇಷನ್ ನಿಯಮದಲ್ಲಿ ಸೊಂಟದ ಕೆಳಗೆ ಕಾಲು ಹಿಡಿದು ಕೆಡವುವಂತಿಲ್ಲ, ಎಸೆತದ ತಿರುವು ಸೊಂಟದ ಮಟ್ಟಕ್ಕಿಂತ ಮೇಲಿರಬಾರದು, ಬೀಳುವವರನ್ನು ಹಿಡಿದುಕೊಂಡೇ ಇಳಿಸಬೇಕು. ಬಿದ್ದವರ ಮೇಲೆ ತಕ್ಷಣ ಹತೋಟಿಯ ಪೆಟ್ಟು ಕೂತರೆ ಇಪ್ಪೊನ್, 3 ಅಂಕ. ಅಲ್ಲಿಗೆ ಅಶಿ-ಬರಾಯಿ ಒಯ್ಯಿರಿ, ಸಿಂಗಲ್ ಲೆಗ್ ಬೇಡ.

ಬೇರೆ ಕಲೆಯವರು ಒತ್ತು ಕೊಡಬೇಕಾದ ಭಾಗ ಬೇರೆ. ವುಶುವಿನ ಕಾದಾಟದ ವಿಭಾಗವಾದ ಸಾಂಡಾದಲ್ಲಿ ಕೆಡವಿದರೆ ಅಂಕವಿದೆ, ಇಲ್ಲಿನ ಎಲ್ಲವೂ ನೇರ ಬಳಕೆ. ಮುಯ್ ಥಾಯ್‌ನವರಿಗೆ 3-4ನೇ ವಾರದ ಕೈಕೆಲಸ ಮುಖ್ಯ. ಟೇಕ್ವಾಂಡೊದವರು ಒದ್ದ ಕಾಲು ಹಿಡಿಸಿಕೊಂಡಾಗ ಒಂಟಿಕಾಲಲ್ಲಿ ಕುಪ್ಪಳಿಸಿ ತಪ್ಪಿಸಿಕೊಳ್ಳುವುದನ್ನು ಹೆಚ್ಚು ಮಾಡಲಿ. ಜುಡೊದ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 2013ರಿಂದ ಕಾಲು ಹಿಡಿಯುವುದಕ್ಕೆ ನಿಷೇಧವಿರುವುದರಿಂದ ಜುಡೊದವರ ಕಾಲಿನ ರಕ್ಷಣೆಯೇ ಸಡಿಲವಾಗಿರುತ್ತದೆ.

ಮೈಗಟ್ಟು, ವಾರದ ಲೆಕ್ಕ

ವಾರಕ್ಕೆ ಮೂರು ದಿನ ಕರಾಟೆ, ಎರಡು ದಿನ ಕುಸ್ತಿ, ಎರಡು ದಿನ ಬಿಡುವು. ಕುಸ್ತಿಯ ಮರುದಿನ ಕಾತಾ (ಒಬ್ಬರೇ ಮಾಡುವ ಚಲನೆಗಳ ಸರಣಿ) ಮಾಡಿ, ಜೋರು ಕುಮಿತೆ ಬೇಡ. ಹಿಡಿತದಿಂದ ದಣಿದ ಮುಂಗೈಯವರು ಪೆಟ್ಟು ತಡೆಯುವುದರಲ್ಲಿ ನಿಧಾನವಾಗುತ್ತಾರೆ.

ದಂಡ ಹತ್ತರ ಮೂರು ಸರದಿ, ಬಸ್ಕಿ ಇಪ್ಪತ್ತರ ಮೂರು ಸರದಿಯಿಂದ ಶುರು ಮಾಡಿ, ವಾರಕ್ಕೆ ಎರಡೆರಡು ಏರಿಸಿ. ಸಾವಿರದ ಲೆಕ್ಕ ಪೈಲ್ವಾನರಿಗೆ ಬಿಡಿ. ಕುತ್ತಿಗೆಗೆ ಅಂಗೈಯನ್ನೇ ಎದುರಿಟ್ಟು ಹಣೆ, ಹಿಂದಲೆ, ಎಡ, ಬಲ ನಾಲ್ಕೂ ಕಡೆ ಹತ್ತು ಸೆಕೆಂಡು ಒತ್ತುವುದು, ಮೂರು ಸಲ. ತಲೆಯೂರಿ ಕಮಾನಾಗುವ ಬ್ರಿಡ್ಜ್ ಅನ್ನು ಮೊದಲ ಮೂರು ತಿಂಗಳು ಯಾರೂ ಮಾಡಬಾರದು, ಹನ್ನೆರಡು ವರ್ಷದೊಳಗಿನ ಮಕ್ಕಳಿಗಂತೂ ಬೇಡವೇ ಬೇಡ.

ಕರಾವಳಿಯ ಸೆಖೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ತರಗತಿ ಬೆಳಿಗ್ಗೆ ಏಳೂವರೆಯೊಳಗೆ ಮುಗಿಯಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಿರಿ. ಮುಗಿದ ಮೇಲೆ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ ಒಳ್ಳೆಯದು, ಜತೆಗೆ ಹೆಸರುಕಾಳು ಅಥವಾ ಬಂಗುಡೆ. ತರಗತಿಗೆ ಮೊದಲು, ಆಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಮುಂದಿನ ಕೆಲವು ಗಂಟೆಗಳಲ್ಲಿ ಒಂದೂಕಾಲು ಲೀಟರಿನಷ್ಟು ಕುಡಿಯಬೇಕು.

ಚರ್ಮ ಮತ್ತು ಮ್ಯಾಟು

ಮಳೆಗಾಲದಲ್ಲಿ ಇಲ್ಲಿ ತರಗತಿ ನಿಲ್ಲುವುದು ಗಾಯದಿಂದಲ್ಲ, ಹುಳುಕಡ್ಡಿಯಿಂದ. ಪ್ರತಿ ಅಭ್ಯಾಸದ ನಂತರ ಮ್ಯಾಟ್ ಗುಡಿಸಿ, ಹತ್ತು ಲೀಟರ್ ನೀರಿಗೆ ನೂರು ಮಿ.ಲೀ. ಬ್ಲೀಚ್ ದ್ರಾವಣ (ಶೇ. 5ರದ್ದು) ಬೆರೆಸಿ ಒರೆಸಿ, ಹತ್ತು ನಿಮಿಷ ಒದ್ದೆಯಾಗಿಯೇ ಬಿಟ್ಟು, ಆಮೇಲೆ ಫ್ಯಾನ್ ಹಾಕಿ ಒಣಗಿಸಿ. ಫಿನಾಯಿಲ್ ಜತೆ ಬೆರೆಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಮ್ಯಾಟ್ ಎತ್ತಿ ಗೋಡೆಗೊರಗಿಸಿ, ಅಡಿಯ ನೀರಿನ ಪಸೆ ಆರದಿದ್ದರೆ ಬೂಸ್ಟು ಕಟ್ಟುತ್ತದೆ. ಚರ್ಮದಲ್ಲಿ ಉಂಗುರದಂತೆ ಕೆಂಪು ಕಂಡವರು ಮ್ಯಾಟಿನಿಂದ ದೂರ ಇದ್ದು ಚರ್ಮವೈದ್ಯರನ್ನು ಕಾಣಬೇಕು. ಮೆಡಿಕಲ್‌ನಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ತಕ್ಷಣ ಇಳಿಸಿ ಹುಳುಕಡ್ಡಿಯನ್ನು ಒಳಗೊಳಗೇ ಹರಡುತ್ತದೆ. ಕಿವಿ ಊದಿ ಮೆತ್ತಗಾದರೆ ಒಂದೆರಡು ದಿನದಲ್ಲೇ ಕಿವಿ-ಮೂಗು-ಗಂಟಲು ವೈದ್ಯರಲ್ಲಿ ತೋರಿಸಿ. ತಡವಾದರೆ ರಕ್ತ ಗಟ್ಟಿಯಾಗಿ ಕಿವಿಯ ಆಕಾರವೇ ಕೆಡುತ್ತದೆ.

ಹನ್ನೆರಡನೇ ವಾರದ ಪರೀಕ್ಷೆ

ಮೂರು ಪರೀಕ್ಷೆ ಮಾಡಿ. ಸಮತೂಕದವರು ಪೂರ್ತಿ ಬಲದಿಂದ ಹತ್ತು ಸಲ ಕಾಲಿಗೆ ನುಗ್ಗಿದರೆ ಆರು ಸಲವಾದರೂ ನಿಂತಿರಬೇಕು. ಸೊಂಟ ತಬ್ಬಿದವರ ಹಿಡಿತದಿಂದ ಮೂವತ್ತು ಸೆಕೆಂಡಿನೊಳಗೆ ಒಂದು ತೋಳನ್ನಾದರೂ ಒಳಗೆ ತಂದು ಎದುರು ನಿಲ್ಲಬೇಕು. ಒಂದು ನಿಮಿಷದ ಬೆರೆತ ಸುತ್ತು ನಾಲ್ಕು ಮುಗಿದ ಮೇಲೂ ಗ್ಯಾಕು-ಜುಕಿಯ ಸೊಂಟದ ತಿರುವು ಕೆಡದಿರಬೇಕು. ಮೊದಲನೆಯದರಲ್ಲಿ ಸೋತವರು ಐದನೇ ವಾರಕ್ಕೆ, ಎರಡನೆಯದರಲ್ಲಿ ಸೋತವರು ಮೂರನೇ ವಾರಕ್ಕೆ ಹಿಂದಿರುಗಿ ಅಲ್ಲಿಂದ ಮತ್ತೆ ಶುರು ಮಾಡಲಿ. ಮೂರನೆಯದರಲ್ಲಿ ಮಾತ್ರ ಸೋತರೆ ಪಟ್ಟಿನ ದೋಷವಲ್ಲ, ದಮ್ಮಿನದು. ಕುಸ್ತಿಯ ದಿನದ ಕೊನೆಗೆ ಒಂದು ನಿಮಿಷದ ಎರಡು ಸುತ್ತು ಹೆಚ್ಚಿಸಿ, ಒಂದು ತಿಂಗಳ ನಂತರ ಮತ್ತೆ ನೋಡಿ.